ಮೂವತ್ತನಾಲ್ಕನೇ ಬೀದಿಯಲ್ಲಿ ಆನೆಗಳು

ರಿಂಗ್ಲಿಂಗ್ ಬ್ರದರ್ಸ್ ಸರ್ಕಸ್ ತನ್ನದೇ ರೈಲಿನಲ್ಲಿ ಊರೂರು ತಿರುಗುತ್ತಿತ್ತು. ನ್ಯೂಯಾರ್ಕಿಗೆ ಬಂದಾಗ ರೈಲು ನಿಲ್ಲುತ್ತಿದ್ದುದು ಕ್ವೀನ್ಸ್ ಬದಿಯಲ್ಲಿ. ಪ್ರದರ್ಶನ ಮಾತ್ರ ಮ್ಯಾನ್‌ಹಟನ್ನಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ. ನಡುವೆ ಈಸ್ಟ್ ನದಿ. ಹಾಗಾಗಿ ಮಾರ್ಚ್ ತಿಂಗಳ ಒಂದು ನಡುರಾತ್ರಿ ಕ್ವೀನ್ಸ್-ಮಿಡ್‌ಟೌನ್ ಸುರಂಗದಲ್ಲಿ ವಾಹನಗಳನ್ನು ತಡೆದು, ನದಿಯಡಿಯ ಸುಮಾರು 2 ಕಿ.ಮೀ. ದಾರಿಯಲ್ಲಿ ಆನೆಗಳನ್ನು ನಡೆಸಿಕೊಂಡು ಬರುತ್ತಿದ್ದರು. 2009ರಲ್ಲಿ ಜರ್ಸಿ ಸಿಟಿಯ ತಂಗಿಯ ಮನೆಗೆ ಹೋಗಿದ್ದಾಗ ನನಗೆ ಅದನ್ನು ನೋಡುವ ಅವಕಾಶ ಸಿಕ್ಕಿತು.

"ಮೈಸೂರಿನಲ್ಲಿ ನೋಡಿದ್ದು ಸಾಲದೇ ಅಣ್ಣ?" ಎನ್ನುತ್ತಲೇ ತಂಗಿ ತನ್ನ ಗಂಡನ ದಪ್ಪ ಕೋಟು ತೊಡಿಸಿ ಕಳುಹಿಸಿದಳು. ರೈಲಿಳಿದು 34ನೇ ಬೀದಿಯಲ್ಲಿ ಪೂರ್ವಕ್ಕೆ ನಡೆದೆ. ಎಂಪೈರ್ ಸ್ಟೇಟ್ ಕಟ್ಟಡ ದಾಟಿ ಸುರಂಗದ ಬಾಯಿಯ ಹತ್ತಿರ ಬರುವಷ್ಟರಲ್ಲಿ ಜನ ಸೇರಿದ್ದರು. ಮಲಗುವ ಉಡುಪಿನ ಮೇಲೆಯೇ ಕೋಟು ಹಾಕಿಕೊಂಡ ಮಕ್ಕಳು ಅಪ್ಪಂದಿರ ಹೆಗಲೇರಿದ್ದರು. ಪೊಲೀಸರು ಹಾಕಿದ ತಡೆಗಂಬಿಗಳ ಇನ್ನೊಂದು ತುದಿಯಲ್ಲಿ, ಅಂಕುಶದ ಚಿತ್ರವಿದ್ದ ಫಲಕಗಳನ್ನು ಹಿಡಿದು ಒಂದಷ್ಟು ಜನ ಸರ್ಕಸ್ಸಿನ ವಿರುದ್ಧ ಕೂಗುತ್ತಿದ್ದರು.

ಈ ಊರಿಗೆ ಆನೆ ಮೆರವಣಿಗೆ ಹೊಸದಲ್ಲ. ಬ್ರೂಕ್ಲಿನ್ ಸೇತುವೆ ತೆರೆದ ಕೆಲವೇ ದಿನಗಳಲ್ಲಿ, ಸೇತುವೆ ಕುಸಿಯುತ್ತಿದೆ ಎಂಬ ಗಾಬರಿಗೆ ನೂಕುನುಗ್ಗಲಾಗಿ 12 ಜನ ಸತ್ತಿದ್ದರು. ಮರುವರ್ಷ, 1884ರ ಮೇ ತಿಂಗಳಲ್ಲಿ, ಸರ್ಕಸ್ ಒಡೆಯ ಪಿ.ಟಿ. ಬಾರ್ನಮ್ ಅದೇ ಸೇತುವೆಯ ಮೇಲೆ 21 ಆನೆಗಳನ್ನು ನಡೆಸಿ ಅದರ ಗಟ್ಟಿತನವನ್ನು ತೋರಿಸಿದ. ಅವನ ಸರ್ಕಸ್ಸಿಗೂ ಬಿಟ್ಟಿ ಪ್ರಚಾರ ಸಿಕ್ಕಿತು.

ಮೊದಲು ಪೊಲೀಸ್ ವಾಹನಗಳ ಕೆಂಪು ನೀಲಿ ದೀಪಗಳು ಬಂದವು. ಅವುಗಳ ಹಿಂದೆ ಆನೆಗಳು! ಮುಂದಿನದರ ಬಾಲವನ್ನು ಹಿಂದಿನದು ಸೊಂಡಿಲಿನಲ್ಲಿ ಹಿಡಿದು ಬರುತ್ತಿದ್ದವು. ನಮ್ಮ ಕಾಡುಗಳ ಜಾತಿಯವೇ, ಏಷ್ಯಾದ ಆನೆಗಳು. ದಂತದ ಗಂಡಾನೆಗೆ ಮದವೇರಿದರೆ ನಿಭಾಯಿಸುವುದು ಕಷ್ಟವಾದ್ದರಿಂದ ಸರ್ಕಸ್ಸಿನವರು ಸಾಮಾನ್ಯವಾಗಿ ಹೆಣ್ಣಾನೆಗಳನ್ನೇ ಇಟ್ಟುಕೊಳ್ಳುತ್ತಿದ್ದರು. ನಡಿಗೆ ಎಷ್ಟು ಚುರುಕಾಗಿತ್ತೆಂದರೆ ಪಕ್ಕದ ಆಳುಗಳು ಅರ್ಧ ಓಡುತ್ತಿದ್ದರು. ಆದರೂ ಹೆಜ್ಜೆಯ ಸಪ್ಪಳವಿಲ್ಲ. ಮಕ್ಕಳ ಕೂಗಿನ ನಡುವೆ ನನಗೂ ಕೂಗುವಷ್ಟು ಸಂತೋಷವಾಯಿತು. ಅಷ್ಟು ದೂರದ ಊರಿನಲ್ಲಿ ಆ ಅಗಲವಾದ ಹಣೆ, ಅಂಚಿನಲ್ಲಿ ಗುಲಾಬಿಗೆ ತಿರುಗಿದ ಕಿವಿ ಕಂಡರೆ ನಮ್ಮವರನ್ನೇ ಕಂಡಂತಾಗುತ್ತದೆ.

ಆಮೇಲೆ ಗಮನಿಸಿದೆ: ನನ್ನೆದುರು ಹಾದುಹೋದ ಯಾವ ಆನೆಯ ಮೇಲೂ ಜನರಿರಲಿಲ್ಲ. ಸಯ್ಯಾಜಿರಾವ್ ರಸ್ತೆಯಲ್ಲಿ ದಸರಾ ತಾಲೀಮು ನೋಡಿದವರಿಗೆ ಆನೆಯೆಂದರೆ ಅದರ ಕತ್ತಿನ ಮೇಲೆ ಕುಳಿತ ಮಾವುತನೂ ಸೇರಿಯೇ. ಕಿವಿಯ ಹಿಂದೆ ಕಾಲ್ಬೆರಳು ಒತ್ತಿ, ಬಾಯಲ್ಲಿ ಏನೋ ಹೇಳುತ್ತ ಅವನು ದಾರಿ ತೋರಿಸುತ್ತಾನೆ. ಇಲ್ಲಿ ಆಳು ಕೆಳಗಿದ್ದ, ಕೈಯಲ್ಲಿ ಅಂಕುಶವಿತ್ತು. ಒಂದು ಆನೆ ಕಾಲುದಾರಿಯತ್ತ ಸೊಂಡಿಲು ಚಾಚಿದ ಕ್ಷಣದಲ್ಲೇ ಅಂಕುಶದ ತುದಿ ಮೇಲೆದ್ದಿತು. ತಾಗಿಸಬೇಕಾಗಲಿಲ್ಲ, ಆನೆ ಸೊಂಡಿಲನ್ನು ಎಳೆದುಕೊಂಡು ಮತ್ತೆ ಬಾಲ ಹಿಡಿಯಿತು. ನನ್ನ ಸಂತೋಷ ಅಲ್ಲಿಗೆ ಮುರಿಯಿತು. ಅಂಕುಶ ನಮ್ಮಲ್ಲಿಯೂ ಇದೆ, ನಿಜ. ಆದರೆ ರೈಲಿನ ಡಬ್ಬಿಯಿಂದ ಸುರಂಗಕ್ಕೆ, ಸುರಂಗದಿಂದ ಗಾರ್ಡನ್ನಿಗೆ, ಮತ್ತೆ ಡಬ್ಬಿಗೆ ಹೋಗುವ ಈ ಪ್ರಾಣಿಗಳಿಗೆ ಹಬ್ಬ ಮುಗಿದ ಮೇಲೆ ಮರಳಲು ಕಾಡಂಚಿನ ಶಿಬಿರವಾದರೂ ಇರಲಿಲ್ಲ. ಫಲಕ ಹಿಡಿದವರ ಮಾತಿನಲ್ಲಿ ನ್ಯಾಯವಿದೆ ಎಂದು ಆ ರಾತ್ರಿಯೇ ಅನ್ನಿಸಿತು, ಇಂದಿಗೂ ಹಾಗೆಯೇ ಅನ್ನಿಸುತ್ತದೆ.

ಕೆಲವೇ ನಿಮಿಷಗಳಲ್ಲಿ ಸಾಲು ಪಶ್ಚಿಮಕ್ಕೆ ಸಾಗಿತು. ಗಾರ್ಡನ್‌ವರೆಗೂ ಹಿಂಬಾಲಿಸುವ ಮನಸ್ಸಾಗಲಿಲ್ಲ.

ರಿಂಗ್ಲಿಂಗ್ ಆನೆಗಳ ಕೊನೆಯ ಪ್ರದರ್ಶನ 2016ರ ಮೇ 1ರಂದು ರೋಡ್ ಐಲೆಂಡಿನ ಪ್ರಾವಿಡೆನ್ಸ್‌ನಲ್ಲಿ ನಡೆಯಿತು. ಅವುಗಳನ್ನು ಫ್ಲೋರಿಡಾದ ಪಾಲನಾ ಕೇಂದ್ರಕ್ಕೆ ಕಳುಹಿಸಿದರು. 2017ರಲ್ಲಿ ಸರ್ಕಸ್ಸೇ ಮುಚ್ಚಿತು. 2023ರಲ್ಲಿ ಮತ್ತೆ ಶುರುವಾದಾಗ ಅದರಲ್ಲಿ ಪ್ರಾಣಿಗಳಿರಲಿಲ್ಲ. ನನಗೆ ಸಮಾಧಾನವಾಯಿತು. ಮೈಸೂರಿನ ತಾಲೀಮಿಗೆ ಇಂದಿಗೂ ಆಸೆಯಿಂದ ಹೋಗುತ್ತೇನೆ. ಆದರೆ ಈಗ ಮಾವುತರನ್ನು ಮಾತಿಗೆಳೆದು, ರಾತ್ರಿ ಎಷ್ಟು ಹೊತ್ತು ಸರಪಳಿಯಲ್ಲಿ ಕಟ್ಟುತ್ತೀರಿ, ಪಟಾಕಿ ಸದ್ದಿಗೆ ಬೆದರಿದರೆ ಏನು ಮಾಡುತ್ತೀರಿ ಎಂದು ಕೇಳದೆ ಹಿಂತಿರುಗುವುದಿಲ್ಲ.