ತಿಥಿ ಕೇಳಿದ ತಮ್ಮ

"ಡಾಕ್ಟ್ರೇ, ಅಣ್ಣ ಯಾವತ್ತು ಹೋದದ್ದು ಅಂತ ಸರಿಯಾಗಿ ಹೇಳ್ಲಿಕ್ಕೆ ಆಗ್ತದಾ? ಏಕಾದಶಿಯಾ, ದ್ವಾದಶಿಯಾ?"

ಕುಂದಾಪುರದಿಂದ ರಾತ್ರಿ ಬಸ್ಸಿಗೆ ಬಂದವರು. ನನ್ನ ಕೋಟಿನ ಮೇಲಿನ ಹೆಸರು ನೋಡಿ ಕನ್ನಡದಲ್ಲೇ ಕೇಳಿದರು. ನಾನು ಮುಂಬೈಯಲ್ಲಿ ಫೊರೆನ್ಸಿಕ್ ಮೆಡಿಸಿನ್ ಪಿಜಿ ಮಾಡುತ್ತಿದ್ದೇನೆ. ಪೊಲೀಸರು ನಮ್ಮನ್ನು ಸತ್ತ ಗಂಟೆ ಕೇಳುತ್ತಾರೆ. ತಿಥಿ ಕೇಳಿದವರು ಇವರೇ ಮೊದಲು.

ಅಣ್ಣ ಘಾಟ್ಕೋಪರಿನ ಖೋಲಿಯಲ್ಲಿ ಒಬ್ಬರೇ ಇದ್ದರು. ಸೋಮವಾರ ಹೋಟೆಲಿನವರು ನೋಡಿದ್ದೇ ಕೊನೆ. ಶುಕ್ರವಾರ ವಾಸನೆ ಬಂದು ಬಾಗಿಲು ಒಡೆಸಿದ್ದಾರೆ. ಸತ್ತ ಮೇಲೆ ಮೈ ಸೆಟೆಯುತ್ತದಲ್ಲ, ಅದು ಬಂದು ಹೋಗಿತ್ತು. ಹೊಟ್ಟೆಯ ಬಲಗಡೆ ಕೆಳಗೆ ಶುರುವಾಗುವ ಹಸಿರು ಬಣ್ಣ ಎದೆಯವರೆಗೆ ಹರಡಿತ್ತು. ದೊಡ್ಡ ಕರುಳಿನ ಮೊದಲ ಭಾಗ ಅಲ್ಲಿ ಚರ್ಮಕ್ಕೆ ಹತ್ತಿರ. ಒಳಗಿನ ಬ್ಯಾಕ್ಟೀರಿಯಾ ಬಿಡುವ ಹೈಡ್ರೋಜನ್ ಸಲ್ಫೈಡ್ ರಕ್ತದ ಬಣ್ಣದೊಂದಿಗೆ ಸೇರಿ ಹಸಿರಾಗುತ್ತದೆ. ಅಂಗೈ ಚರ್ಮ ಹಿಡಿದರೆ ಜಾರುತ್ತಿತ್ತು. ಜುಲೈ ಮಳೆ, ಮುಚ್ಚಿದ ಕಿಟಕಿ, ಸೆಕೆ. ಇದನ್ನೆಲ್ಲ ನೋಡಿ "ಎರಡರಿಂದ ನಾಲ್ಕು ದಿನ" ಅಂತ ಬರೆದೆವು.

ಅಷ್ಟನ್ನೇ ಅವರಿಗೂ ಹೇಳಿದೆ. ಸುಮ್ನೆ ಒಂದು ದಿನ ಹೇಳಿಬಿಡಬಹುದಿತ್ತು, ಮನಸ್ಸು ಬರಲಿಲ್ಲ. "ಹಾಗಾದ್ರೆ ಮಹಾಲಯ ಅಮಾವಾಸ್ಯೆಗೇ ಮಾಡುವುದು" ಅಂದರು. ತಿಥಿ ಗೊತ್ತಿಲ್ಲದವರಿಗೆ ಅದೇ ದಾರಿ, ಅಲ್ವಾ.

ಅವತ್ತು ರಾತ್ರಿ ಹಾಸ್ಟೆಲಿನಲ್ಲಿ ಸೂಕ್ಷ್ಮಜೀವಿಗಳ ಗಡಿಯಾರದ ಬಗ್ಗೆ, ಅಂದರೆ ಶವದ ಮೇಲೆ ಯಾವ ಸೂಕ್ಷ್ಮಜೀವಿಗಳಿವೆ ಅಂತ ನೋಡಿ ಸತ್ತ ದಿನ ಅಂದಾಜು ಮಾಡುವ ಬಗ್ಗೆ, ಮತ್ತೆ ಓದಿದೆ. ಸೂಕ್ಷ್ಮಜೀವಿಗಳ ವಿಜ್ಞಾನಿ ಜೆಸಿಕಾ ಮೆಟ್‌ಕಾಫ್ ಅವರ ತಂಡ 2024ರಲ್ಲಿ ಪ್ರಕಟಿಸಿದ ಕೆಲಸ. ಅಮೆರಿಕದ ಟೆನೆಸ್ಸೀ, ಟೆಕ್ಸಾಸ್, ಕೊಲರಾಡೋದಲ್ಲಿ ದಾನವಾಗಿ ಬಂದ 36 ದೇಹಗಳನ್ನು ಬಯಲಲ್ಲಿಟ್ಟು, 21 ದಿನ ಚರ್ಮದಿಂದಲೂ ಪಕ್ಕದ ಮಣ್ಣಿನಿಂದಲೂ ಮಾದರಿ ತೆಗೆದರು. ಹವೆ ಬೇರೆ, ಮಣ್ಣು ಬೇರೆ. ಆದರೂ ಸುಮಾರು 20 ಬಗೆಯ ಸೂಕ್ಷ್ಮಜೀವಿಗಳು ಮೂರೂ ಕಡೆ ಹೆಚ್ಚುಕಮ್ಮಿ ಅದೇ ಸರದಿಯಲ್ಲಿ ಬಂದವು. ಕೆಲವನ್ನು ನೊಣಗಳೇ ಹೊತ್ತು ತರುತ್ತವೆ. ಈ ಸರದಿಯನ್ನು ಕಂಪ್ಯೂಟರಿಗೆ ಕಲಿಸಿದರೆ ಸಾವಿನ ದಿನವನ್ನು ಅಂದಾಜು ಮಾಡುತ್ತದೆ, ಸುಮಾರು ಮೂರು ದಿನ ಆಚೀಚೆ.

ಮೂರು ದಿನದ ವ್ಯತ್ಯಾಸ ಇಟ್ಟುಕೊಂಡು ಏಕಾದಶಿ, ದ್ವಾದಶಿ ಬೇರೆ ಮಾಡಲಾಗದು. ಅವರ ಪ್ರಶ್ನೆಗೆ ಇದರಲ್ಲೂ ಉತ್ತರವಿಲ್ಲ. ಆದರೆ ಎರಡು ವಾರ ಕಳೆದು ಸಿಗುವ ದೇಹದಲ್ಲಿ ಸೆಟೆತ, ಬಣ್ಣ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಮೂರು ದಿನ ಆಚೀಚೆ ಅಂದರೆ ದೊಡ್ಡ ಮಾತು. ಕೊನೆಯ ಸಲ ಯಾರ ಜೊತೆ ಇದ್ದರು ಅನ್ನುವ ತನಿಖೆಯೇ ಅದರ ಮೇಲೆ ನಿಲ್ಲಬಹುದು.

ಆ ಲೆಕ್ಕದಲ್ಲಿ ನಮ್ಮ ಮಳೆಗಾಲವಿಲ್ಲ. ಮಣ್ಣೇ ಇಲ್ಲದ, ಟೈಲ್ಸ್ ಹಾಕಿದ ಖೋಲಿಯೂ ಇಲ್ಲ. ಒಂಟಿಯಾಗಿ ಸಾಯುವವರು ಇಲ್ಲಿ ಜಾಸ್ತಿ ಸಿಗುವುದು ಅಂಥ ಕಡೆಯೇ. ಇಲ್ಲಿಯ ಸರದಿ ಹೇಗಿದೆ ಅಂತ ತಿಳಿಯಲಿಕ್ಕೆ, ಕೊನೆಯ ಸಲ ಕಂಡ ದಿನ ಖಚಿತವಿರುವ ಕೇಸುಗಳಲ್ಲಿ, ಮನೆಯವರ ಒಪ್ಪಿಗೆ ಪಡೆದು ಚರ್ಮದ ಸ್ವಾಬ್ ತೆಗೆದಿಡೋಣ ಅಂತ ನಮ್ಮ ಗೈಡ್ ಹತ್ತಿರ ಕೇಳಿದ್ದೇನೆ. ಎಥಿಕ್ಸ್ ಕಮಿಟಿಗೆ ಅರ್ಜಿ ಬರೆದು ತಾ ಅಂದಿದ್ದಾರೆ, ಬರೆಯುತ್ತಿದ್ದೇನೆ.