ಏಳು ದೇಶಗಳ ಯೋಜನೆ ಮೂರಕ್ಕೆ ಇಳಿದದ್ದು

ಮೈಸೂರಿನ ಮನೆಗೆ ಬೀಗ ಹಾಕಿ ನಾವು ನಾಲ್ವರು 2024ರ ಜೂನ್ 1ರಂದು ಮಲೇಷ್ಯಾದ ಪೆನಾಂಗ್ ತಲುಪಿದೆವು. ಮರಳಿ ಬಂದದ್ದು 2025ರ ಮೇ ತಿಂಗಳ ಕೊನೆಯ ವಾರದಲ್ಲಿ. ಹೊರಡುವ ಮೊದಲು ಅಡುಗೆಮನೆಯ ಗೋಡೆಗೆ ಅಂಟಿಸಿದ್ದ ಪಟ್ಟಿಯಲ್ಲಿ ಜಾರ್ಜಿಯಾ, ಪೋರ್ಚುಗಲ್ ಸೇರಿ ಏಳು ದೇಶಗಳಿದ್ದವು. ಕೊನೆಗೆ ಇದ್ದುಬಂದದ್ದು ಮಲೇಷ್ಯಾ, ಥಾಯ್ಲೆಂಡ್ ಮತ್ತು ವಿಯೆಟ್ನಾಂಗಳಲ್ಲಿ ಮಾತ್ರ. ಉಳಿದ ನಾಲ್ಕನ್ನು ಬಿಟ್ಟದ್ದಕ್ಕೆ ನನಗೆ ಬೇಸರವಿಲ್ಲ. ಕೆಲಸವನ್ನೂ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗುವವರು ದೇಶಗಳನ್ನು ಎಣಿಸುವುದಕ್ಕೆ ಮೊದಲು, ಕಾನೂನಿನ ಪ್ರಕಾರ ಕುಳಿತು ಕೆಲಸ ಮಾಡಬಹುದಾದ ಒಂದು ನೆಲೆಯನ್ನು ಹುಡುಕಿಕೊಳ್ಳಬೇಕು.

ನಾನು ಬೆಂಗಳೂರಿನ ಸಂಸ್ಥೆಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುವ ಸಾಫ್ಟ್‌ವೇರ್ ಎಂಜಿನಿಯರ್. ನನ್ನ ಪತಿ ಕಾಲೇಜಿನಲ್ಲಿ ಇತಿಹಾಸದ ಅಧ್ಯಾಪಕರು. ಅವರು ಒಂದು ವರ್ಷ ಸಂಬಳವಿಲ್ಲದ ರಜೆ ಪಡೆದು ಮಕ್ಕಳ ಪಾಠವನ್ನೂ ಅಡುಗೆಯನ್ನೂ ವಹಿಸಿಕೊಂಡರು. (ಇದರ ಬಗ್ಗೆ ನೆಂಟರು ಕೇಳಿದ ಪ್ರಶ್ನೆಗಳಿಗೆ ಬೇರೆಯೇ ಲೇಖನ ಬೇಕು.) ಮಲೇಷ್ಯಾವನ್ನು ಆರಿಸಲು ಕಾರಣ ಅಲ್ಲಿನ ಸರ್ಕಾರ 2022ರಲ್ಲಿ ಆರಂಭಿಸಿದ ಡಿಇ ರಂತಾವ್ ಪಾಸ್, ಅಂದರೆ ಅಲ್ಲಿದ್ದುಕೊಂಡು ದೂರದಿಂದ ಕೆಲಸ ಮಾಡುವ ವಿದೇಶೀಯರಿಗೆ ಕೊಡುವ ಪರವಾನಗಿ. ತಂತ್ರಜ್ಞಾನ ಕ್ಷೇತ್ರದವರಿಗೆ ವರ್ಷಕ್ಕೆ 24,000 ಅಮೆರಿಕನ್ ಡಾಲರಿಗಿಂತ ಹೆಚ್ಚು ಆದಾಯವಿದ್ದರೆ ಮೂರರಿಂದ ಹನ್ನೆರಡು ತಿಂಗಳವರೆಗೆ ಇದು ಸಿಗುತ್ತದೆ. ಸಂಗಾತಿಯನ್ನೂ ಮಕ್ಕಳನ್ನೂ ಅವಲಂಬಿತರಾಗಿ ಸೇರಿಸಬಹುದು. ಶುಲ್ಕ ಮುಖ್ಯ ಅರ್ಜಿದಾರರಿಗೆ 1,000 ರಿಂಗಿಟ್, ಅವಲಂಬಿತರಿಗೆ ತಲಾ 500. ನಿಯಮಗಳು ಬದಲಾಗುತ್ತಿರುತ್ತವೆಯಾದ್ದರಿಂದ ಅರ್ಜಿ ಹಾಕುವ ದಿನ ಅಧಿಕೃತ ಜಾಲತಾಣವನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು. ಭಾರತೀಯರಿಗೆ ಅಲ್ಲಿ 30 ದಿನಗಳ ವೀಸಾರಹಿತ ಪ್ರವೇಶವಿದೆ ನಿಜ, ಆದರೆ ಅದು ಪ್ರವಾಸಕ್ಕೆ. ಲ್ಯಾಪ್‌ಟಾಪ್ ತೆರೆದರೆ ಯಾರಿಗೆ ಗೊತ್ತಾಗುತ್ತದೆ ಎಂದು ಅನೇಕರು ಧೈರ್ಯ ಹೇಳಿದರು. ಮಕ್ಕಳನ್ನು ಕಟ್ಟಿಕೊಂಡು ವಲಸೆ ಅಧಿಕಾರಿಯ ಮುಂದೆ ನಿಂತು ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ.

ನಮ್ಮನ್ನು ಹೆಚ್ಚು ಕಾಡಿದ್ದು ಆದಾಯವೂ ಅಲ್ಲ, ಶುಲ್ಕವೂ ಅಲ್ಲ, ಇನಿಶಿಯಲ್! ನಮ್ಮ ಕಡೆ ಊರಿನ ಹೆಸರು, ತಂದೆಯ ಹೆಸರು ಎರಡೂ ಒಂದೊಂದು ಅಕ್ಷರವಾಗಿ ಹೆಸರಿನ ಮುಂದೆ ಕೂರುತ್ತವೆ. ಪಾಸ್‌ಪೋರ್ಟಿನಲ್ಲಿ ಅವು ಬಿಡಿಸಿಕೊಂಡು ಪೂರ್ಣ ಹೆಸರುಗಳಾಗುತ್ತವೆ, ಮದುವೆಯ ನೋಂದಣಿ ಪತ್ರದಲ್ಲಿ ಅಕ್ಷರಗಳಾಗಿಯೇ ಉಳಿಯುತ್ತವೆ, ಮಕ್ಕಳ ಜನನ ಪ್ರಮಾಣಪತ್ರದಲ್ಲಿ ಬರೆದವರ ಮನಸ್ಸಿಗೆ ಬಂದಂತಿರುತ್ತವೆ. ನನ್ನ ಪತಿಯ ಹೆಸರು ಮೂರು ದಾಖಲೆಗಳಲ್ಲಿ ಮೂರು ರೀತಿ ಇದ್ದುದರಿಂದ, ಈ ಮೂವರೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಿ, ಮಗಳ ಪ್ರಮಾಣಪತ್ರ ತಿದ್ದಿಸಿ ಮುಗಿಸುವಷ್ಟರಲ್ಲಿ ಎರಡು ತಿಂಗಳು ಕಳೆದಿದ್ದವು. ಅವಲಂಬಿತರ ಅರ್ಜಿ ನಿಂತಿರುವುದೇ ಮದುವೆಯ ನೋಂದಣಿ ಪತ್ರ ಮತ್ತು ಜನನ ಪ್ರಮಾಣಪತ್ರಗಳ ಮೇಲೆ. ಆದ್ದರಿಂದ ವಿಮಾನದ ಟಿಕೆಟ್ಟಿನ ಬೆಲೆ ನೋಡುವ ಮೊದಲು ಮನೆಯ ಎಲ್ಲ ಪ್ರಮಾಣಪತ್ರಗಳನ್ನು ಮೇಜಿನ ಮೇಲೆ ಹರಡಿ ಹೆಸರುಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ. ಮಕ್ಕಳ ಪಾಸ್‌ಪೋರ್ಟಿನ ಅವಧಿ ಐದೇ ವರ್ಷವೆಂಬುದನ್ನೂ ಮರೆಯಬೇಡಿ.

ಪೆನಾಂಗ್‌ನ ತಂಜುಂಗ್ ಬುಂಗಾದಲ್ಲಿ ಮೂರು ಕೋಣೆಗಳ ಮನೆ ಹಿಡಿದೆವು. ಮುಂಗಡವಾಗಿ ಎರಡು ತಿಂಗಳ ಬಾಡಿಗೆ, ಜೊತೆಗೆ ನೀರು ಮತ್ತು ವಿದ್ಯುತ್ತಿನ ಠೇವಣಿಯಾಗಿ ಅರ್ಧ ತಿಂಗಳ ಬಾಡಿಗೆ ಕೊಡುವುದು ಅಲ್ಲಿನ ರೂಢಿ. ಮಲೇಷ್ಯಾದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿರುವುದು ನನಗೆ ಸಿಕ್ಕ ದೊಡ್ಡ ವರ. ಬೆಂಗಳೂರಿನಲ್ಲಿ ಒಂಬತ್ತೂವರೆಗೆ ಕಚೇರಿ ತೆರೆದರೆ ಇಲ್ಲಿ ಮಧ್ಯಾಹ್ನ ಹನ್ನೆರಡು. ಬೆಳಗಿನ ಹೊತ್ತೆಲ್ಲ ಸಮುದ್ರ, ಮಾರುಕಟ್ಟೆ, ಗುಡ್ಡದ ರೈಲು ಎಂದು ಮಕ್ಕಳೊಂದಿಗೆ ಕಳೆಯಬಹುದಿತ್ತು. ಆದರೆ ಅಮೆರಿಕದ ತಂಡದೊಂದಿಗೆ ಭಾರತದ ರಾತ್ರಿ ಎಂಟಕ್ಕೆ ಮೀಟಿಂಗ್ ಇರುವವರಿಗೆ ಇದೇ ಗಡಿಯಾರ ಶಾಪ, ಏಕೆಂದರೆ ಇಲ್ಲಿ ಆಗ ಹತ್ತೂವರೆ. ಪೋರ್ಚುಗಲ್ ನಮ್ಮ ಪಟ್ಟಿಯಿಂದ ಬಿದ್ದದ್ದೂ ಈ ಲೆಕ್ಕದಿಂದಲೇ. ಅಲ್ಲಿ ಚಳಿಗಾಲದಲ್ಲಿ ನಾನು ನಸುಕಿನ ನಾಲ್ಕಕ್ಕೆ ಕೆಲಸಕ್ಕೆ ಕೂರಬೇಕಾಗುತ್ತಿತ್ತು.

ಸಸ್ಯಾಹಾರಿಗಳಾದ ನಮಗೆ ಪೆನಾಂಗ್‌ನಲ್ಲಿ ಊಟದ ಚಿಂತೆ ಇರಲಿಲ್ಲ. ಜಾರ್ಜ್ ಟೌನಿನ ಲಿಟಲ್ ಇಂಡಿಯಾದಲ್ಲಿ, 1833ರ ಮಹಾಮಾರಿಯಮ್ಮನ್ ದೇವಸ್ಥಾನದ ಆಸುಪಾಸಿನ ಅಂಗಡಿಗಳಲ್ಲಿ ಉದ್ದಿನಬೇಳೆ, ತೊಗರಿಬೇಳೆ, ಹುಣಸೆಹಣ್ಣು ಎಲ್ಲವೂ ಸಿಗುತ್ತಿತ್ತು. ಸಾರಿನ ಪುಡಿ ಮಾತ್ರ ಊರಿನಿಂದಲೇ ಹೋಗಬೇಕು. ಮಿಕ್ಸಿ ಒಯ್ದರೆ ಅಲ್ಲಿನ ವಿದ್ಯುತ್ತಿಗೆ ಸರಿಹೊಂದುತ್ತದೆ, ಚೌಕ ಕಡ್ಡಿಗಳ ಅಡಾಪ್ಟರ್ ಬೇಕು.

ತೆರಿಗೆಯ ವಿಷಯದಲ್ಲಿ ನಮ್ಮ ಆಡಿಟರ್ ಹೇಳಿದ ಒಂದು ಮಾತು ಇಡೀ ವೇಳಾಪಟ್ಟಿಯನ್ನು ಬದಲಿಸಿತು. ಭಾರತ ದಿನಗಳನ್ನು ಏಪ್ರಿಲ್‌ನಿಂದ ಮಾರ್ಚ್‌ಗೆ ಎಣಿಸುತ್ತದೆ. ಮಲೇಷ್ಯಾ ಮತ್ತು ಥಾಯ್ಲೆಂಡ್ ಜನವರಿಯಿಂದ ಡಿಸೆಂಬರಿಗೆ ಎಣಿಸುತ್ತವೆ. ಒಂದು ಕ್ಯಾಲೆಂಡರ್ ವರ್ಷದಲ್ಲಿ ಮಲೇಷ್ಯಾದಲ್ಲಿ 182 ದಿನ, ಥಾಯ್ಲೆಂಡಿನಲ್ಲಿ 180 ದಿನ ಕಳೆದವರು ಅಲ್ಲಿನ ತೆರಿಗೆ ನಿವಾಸಿಗಳಾಗುತ್ತಾರೆ. ಜೂನ್ 1ರಿಂದ ನವೆಂಬರ್ 30ರವರೆಗೆ ಎಣಿಸಿದರೆ ಸರಿಯಾಗಿ 183 ದಿನ! ನಾವು ನವೆಂಬರ್ 24ಕ್ಕೇ ಹೊರಟುಬಿಟ್ಟೆವು. ಪ್ರತಿಯೊಬ್ಬರ ಸಂಬಳದ ಸ್ವರೂಪ ಬೇರೆಯಾದ್ದರಿಂದ ನಮ್ಮ ಲೆಕ್ಕವನ್ನು ನಕಲು ಮಾಡದೆ ನಿಮ್ಮ ಆಡಿಟರನ್ನೇ ಕೇಳಿ, ಸಂಸ್ಥೆಯಿಂದ ಲಿಖಿತ ಅನುಮತಿಯನ್ನೂ ಪಡೆಯಿರಿ.

ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೆ ನಾವು ಹೋದದ್ದು ಆ ದೇಶ 2024ರ ಜುಲೈನಲ್ಲಿ ತಂದ, ದೂರದಿಂದ ಕೆಲಸ ಮಾಡುವವರಿಗೂ ಸಿಗುವ ಡಿಟಿವಿ (ಡೆಸ್ಟಿನೇಶನ್ ಥಾಯ್ಲೆಂಡ್ ವೀಸಾ) ಮೇಲೆ. ಐದು ವರ್ಷ ಚಾಲ್ತಿಯಲ್ಲಿರುವ ಈ ವೀಸಾದಲ್ಲಿ ಪ್ರತಿ ಪ್ರವೇಶಕ್ಕೆ 180 ದಿನ ಇರಬಹುದು, ಖಾತೆಯಲ್ಲಿ 5 ಲಕ್ಷ ಬಾತ್ ಇರುವುದನ್ನು ತೋರಿಸಬೇಕು, ಅರ್ಜಿಯನ್ನು ಥಾಯ್ಲೆಂಡಿನ ಹೊರಗಿನಿಂದಲೇ ಹಾಕಬೇಕು. ಡಿಸೆಂಬರಿನ ಚಳಿ ಹಿತವಾಗಿತ್ತು. ಆದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಲಗಳಲ್ಲೂ ಕಾಡಿನಲ್ಲೂ ಹಚ್ಚುವ ಬೆಂಕಿಯ ಹೊಗೆ ಆ ಕಣಿವೆಯಲ್ಲಿ ತುಂಬಿಕೊಳ್ಳುತ್ತದೆ. ಜನವರಿಯ ಕೊನೆಗೇ ಮಗನಿಗೆ ಕೆಮ್ಮು ಆರಂಭವಾಗಿತ್ತು. ಚಿಕ್ಕ ಮಕ್ಕಳಿರುವವರು ಸಂಕ್ರಾಂತಿಯ ಹೊತ್ತಿಗೇ ಅಲ್ಲಿಂದ ಹೊರಡುವುದು ಒಳ್ಳೆಯದು. ಊಟಕ್ಕೆ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ 'ಜೇ' ಎಂದು ಬರೆದ ಅಂಗಡಿ ಹುಡುಕಿ. ಅಲ್ಲಿ ಮೀನಿನ ಸಾಸ್ ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ, ನಮ್ಮತ್ತೆಯವರು ಬಂದಿದ್ದರೂ ನೆಮ್ಮದಿಯಾಗಿ ಉಣ್ಣುತ್ತಿದ್ದರು.

ಈ ಊರಿನಲ್ಲಿಯೇ ನಮ್ಮ ಹಣದ ವ್ಯವಸ್ಥೆ ಕೈಕೊಟ್ಟಿತು. ರೀಚಾರ್ಜ್ ಮಾಡುವುದನ್ನು ಮರೆತದ್ದರಿಂದ ಭಾರತದ ಸಿಮ್ ಸ್ಥಗಿತಗೊಂಡು, ಓಟಿಪಿ ಬಾರದೆ, ಬಾಡಿಗೆ ಕಟ್ಟಲು ಐದು ದಿನ ಪರದಾಡಿದೆವು. ಇಬ್ಬರ ಸಿಮ್‌ಗಳೂ ಬೇರೆ ಬೇರೆ ಕಂಪನಿಯವಾಗಿರಲಿ, ಎರಡರಲ್ಲೂ ಅಂತರರಾಷ್ಟ್ರೀಯ ರೋಮಿಂಗ್ ಇರಲಿ, ಬ್ಯಾಂಕ್ ಖಾತೆಯೂ ಎರಡಿರಲಿ.

ವಿಯೆಟ್ನಾಂಗೆ ಫೆಬ್ರವರಿ ಮೊದಲ ವಾರ, ಅಂದರೆ ಜನವರಿ 29ರ ತೆತ್ (ಅಲ್ಲಿನ ಚಾಂದ್ರಮಾನ ಹೊಸವರ್ಷ) ಹಬ್ಬದ ಗದ್ದಲ ಇಳಿದ ಮೇಲೆ ಹೋದೆವು. ಇಲ್ಲಿ 90 ದಿನಗಳ ಇ-ವೀಸಾ 25 ಡಾಲರಿಗೆ ಸಿಗುತ್ತದೆ, ಆದರೆ ಅದರ ಮೇಲೆ ಕೆಲಸ ಮಾಡುವಂತಿಲ್ಲ. ಕೂಡಿಟ್ಟಿದ್ದ ರಜೆಯನ್ನೆಲ್ಲ ನಾನು ಈ ಐದು ವಾರಗಳಿಗೆ ಸುರಿದೆ. ಕರಾವಳಿ ನಗರ ದನಾಂಗ್‌ನಿಂದ ಸುಮಾರು 70 ಕಿ.ಮೀ. ದೂರದ ಮಿ ಸನ್‌ನಲ್ಲಿ ಹಿಂದೆ ಈ ಕರಾವಳಿಯನ್ನಾಳಿದ ಚಂಪಾ ರಾಜ್ಯದ ಅರಸರು ಕಟ್ಟಿಸಿದ ಇಟ್ಟಿಗೆಯ ಶಿವಾಲಯಗಳಿವೆ. ಸಂಸ್ಕೃತ ಶಾಸನದ ಕಲ್ಲಿನ ಮುಂದೆ ನನ್ನ ಪತಿ ಮಕ್ಕಳಿಗೆ ಇಡೀ ಒಂದು ಮುಂಜಾನೆ ಪಾಠ ಮಾಡಿದರು; ಪಟ್ಟದಕಲ್ಲಿನಲ್ಲಿ ಐಸ್‌ಕ್ರೀಮ್ ಕೇಳಿ ಹಠ ಹಿಡಿದಿದ್ದ ಮಗ ಇಲ್ಲಿ ಲಿಂಗದ ಪೀಠದ ಚಿತ್ರ ಬರೆದ. ವಿಯೆಟ್ನಾಮಿನಲ್ಲಿ 'ಚಾಯ್' ಎಂದರೆ ಸಸ್ಯಾಹಾರ. ಅಮಾವಾಸ್ಯೆ ಹುಣ್ಣಿಮೆಯ ಹೊತ್ತಿಗೆ ಬೌದ್ಧರಲ್ಲಿ ಬಹಳ ಜನ ಅದನ್ನೇ ಉಣ್ಣುವುದರಿಂದ ಆ ದಿನಗಳಲ್ಲಿ ಆಯ್ಕೆ ಹೆಚ್ಚು. ಅಕ್ಟೋಬರ್, ನವೆಂಬರ್‌ಗಳಲ್ಲಿ ಈ ಕರಾವಳಿಗೆ ಹೋಗಬೇಡಿ, ಅದು ಪ್ರವಾಹದ ಕಾಲ.

ಮಾರ್ಚ್ ಮಧ್ಯದಲ್ಲಿ ಪೆನಾಂಗ್‌ಗೆ ಮರಳಿ, ಉಳಿದ ತಿಂಗಳುಗಳನ್ನು ಅದೇ ಬಡಾವಣೆಯಲ್ಲಿ ಕಳೆದೆವು. ಮಕ್ಕಳಿಗಾಗಿ ಅಂತರರಾಷ್ಟ್ರೀಯ ಶಾಲೆಯನ್ನು ನಾವು ಯೋಚಿಸಲಿಲ್ಲ. ಶುಲ್ಕ ಕೇಳಿಯೇ ಹಿಂದೆ ಸರಿದೆವು. ಊರಿನ ಶಾಲೆಯಿಂದ ಟಿಸಿ ಪಡೆದು, ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುವ ಪುಸ್ತಕಗಳನ್ನು ಇಳಿಸಿಕೊಂಡು ಮನೆಯಲ್ಲೇ ಓದಿಸಿದೆವು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಕ್ಕಳಿಗೆ ವಯಸ್ಸಿಗೆ ತಕ್ಕ ತರಗತಿಯಲ್ಲಿ ಪ್ರವೇಶ ಸಿಗಬೇಕು. ಆದರೂ ಹಳೆಯ ಶಾಲೆಯವರು ಮಗಳಿಗೆ ಪರೀಕ್ಷೆ ಇಟ್ಟೇ ಸೇರಿಸಿಕೊಂಡರು. ಗಣಿತದಲ್ಲಿ ತೊಂದರೆಯಾಗಲಿಲ್ಲ, ಕನ್ನಡದಲ್ಲಿ ಒತ್ತಕ್ಷರಗಳು ಕೈಕೊಟ್ಟವು. ಇನ್ನೊಮ್ಮೆ ಹೋಗುವುದಾದರೆ ಓದಿಸುವುದರ ಜೊತೆಗೆ ದಿನಕ್ಕೊಂದು ಪುಟ ಉಕ್ತಲೇಖನವನ್ನೂ ಬರೆಸುತ್ತೇನೆ.