ಡರ್ಟ್ ಸರಣಿ ಹಾಳಾಯ್ತಾ ಅಂತ ಕೇಳುವವರಿಗೆ

ನಾನು ರ‍್ಯಾಲಿ ವಿಡಿಯೊ ಗೇಮ್ ಆಡುತ್ತೇನೆ ಅಂತ ಗೊತ್ತಿರುವ ಶಿವಮೊಗ್ಗದ ಗೆಳೆಯರು ಸಿಕ್ಕಾಗಲೆಲ್ಲ ಕೇಳುವುದು ಒಂದೇ: "ಡರ್ಟ್ 5 ಬಂದ್ಮೇಲೆ ಸರಣಿನೇ ಹಾಳಾಯ್ತಂತಲ್ಲ ಮಾರಾಯ, ಹೌದಾ?"

ಹಾಳಾಗಿಲ್ಲ. ಆದರೆ ಒಬ್ಬನೇ ಇರುವಾಗ ನಾನು ಅದನ್ನು ಹಾಕುವುದೂ ಇಲ್ಲ.

ಕೋಡ್‌ಮಾಸ್ಟರ್ಸ್ ಅನ್ನುವ ಗೇಮ್ ಕಂಪನಿ ಈ ಸರಣಿ ಶುರು ಮಾಡಿದ್ದು 1998ರಲ್ಲಿ, 'ಕಾಲಿನ್ ಮೆಕ್‌ರೇ ರ‍್ಯಾಲಿ' ಹೆಸರಿನಲ್ಲಿ. ಮೆಕ್‌ರೇ ಅಂದರೆ 1995ರಲ್ಲಿ ಸುಬಾರು ಕಾರು ಓಡಿಸಿ ವಿಶ್ವ ಚಾಂಪಿಯನ್ ಆದ ಸ್ಕಾಟ್ಲೆಂಡಿನವ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರ‍್ಯಾಲಿ ನೋಡಿದವರಿಗೆ ಗೊತ್ತಿರುತ್ತದೆ, ಕಾರುಗಳನ್ನು ಒಟ್ಟಿಗೆ ಬಿಡುವುದಿಲ್ಲ, ಅಂತರ ಕೊಟ್ಟು ಒಂದೊಂದಾಗಿ ಬಿಡುತ್ತಾರೆ. ಗೇಮಿನಲ್ಲೂ ಬಹುಪಾಲು ಹಾಗೆಯೇ. ಪೈಪೋಟಿ ಗಡಿಯಾರದ ಜೊತೆ. ಪಕ್ಕದ ಸೀಟಿನಿಂದ ಕೇಳಿಸುವ ದನಿ ನಿಕಿ ಗ್ರಿಸ್ಟ್‌ನದು, ನಿಜದ ರ‍್ಯಾಲಿಯಲ್ಲೂ ಮೆಕ್‌ರೇಗೆ ಕೋ-ಡ್ರೈವರ್ (ಪಕ್ಕ ಕೂತು ಮುಂದಿನ ತಿರುವು ಓದಿ ಹೇಳುವವ) ಆಗಿದ್ದವನದು.

ನನ್ನನ್ನು ಹಿಡಿದಿಟ್ಟಿದ್ದೇ ಆ ದನಿ. "ಲೆಫ್ಟ್ ಫೋರ್, ಓವರ್ ಕ್ರೆಸ್ಟ್, ರೈಟ್ ಟು, ಡೋಂಟ್ ಕಟ್." ಎಡಕ್ಕೆ ನಾಲ್ಕು, ದಿಬ್ಬ ದಾಟಿ ಬಲಕ್ಕೆ ಎರಡು, ತಿರುವಿನ ಒಳಮೂಲೆ ಹಾಯಬೇಡ ಅಂತ. ಆರು ಅಂದರೆ ಹೆಚ್ಚುಕಡಿಮೆ ನೇರ ರಸ್ತೆ, ಅಂಕಿ ಇಳಿದಷ್ಟೂ ತಿರುವು ಬಿಗಿ. ದಿಬ್ಬದಾಚೆ ಏನಿದೆ ಕಾಣುವುದಿಲ್ಲ, ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಕಿವಿಗೆ ಬಿದ್ದದ್ದನ್ನು ನಂಬಿ ಮೊದಲೇ ಸ್ಟೇರಿಂಗ್ ತಿರುಗಿಸಬೇಕು. ಮಳೆಗಾಲದ ಮಂಜಿನಲ್ಲಿ ಆಗುಂಬೆ ಘಾಟಿಯ 14 ತಿರುವು ಇಳಿದವರಿಗೆ ಈ ಪುಕಪುಕಿ ಬಿಡಿಸಿ ಹೇಳಬೇಕಿಲ್ಲ. (ಅಲ್ಲಿ ಪಕ್ಕದ ಸೀಟಿನವರು ಹೇಳುವುದು "ನಿಧಾನ, ನಿಧಾನ" ಅಂತ ಮಾತ್ರ.)

2007ರಲ್ಲಿ ಡರ್ಟ್ ಅನ್ನುವ ಹೆಸರು ಸೇರಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೆಕ್‌ರೇ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡ. 2009ರ ಡರ್ಟ್ 2ರಲ್ಲಿ ಕೆನ್ ಬ್ಲಾಕ್, ಟ್ರಾವಿಸ್ ಪಸ್ತ್ರಾನಾ ಅನ್ನುವ ಸಾಹಸಿ ಚಾಲಕರು ಬಂದರು, ಜಾತ್ರೆಯ ಗದ್ದಲ ಬಂತು, ಗುದ್ದಿದರೆ ಸಮಯವನ್ನೇ ಹಿಂದಕ್ಕೆ ಸುತ್ತುವ ಗುಂಡಿ ಬಂತು. ಇನ್ನು ಮುಗಿಯಿತು ಅಂದುಕೊಳ್ಳುವಾಗ 2015ರಲ್ಲಿ 'ಡರ್ಟ್ ರ‍್ಯಾಲಿ' ಕೊಟ್ಟು ಆ ಗುಂಡಿಯನ್ನೇ ಕಿತ್ತು ಹಾಕಿದರು! ಅದರಲ್ಲಿನ ವೇಲ್ಸ್‌ನ ಪೊವಿಸ್ ಕಾಡಿನ ಕೆಸರು ದಾರಿಯನ್ನು, ಹೊರಗೆ ಹೆಂಚಿನ ಮೇಲೆ ಆಷಾಢದ ಮಳೆ ಸುರಿಯುವಾಗ ಆಡಿ ನೋಡಬೇಕು. ಕರೆಂಟು ಇದ್ದರೆ.

ಆಮೇಲೆ 2020ರ ಡರ್ಟ್ 5. ಅದೇ ಕಂಪನಿಯ ಬೇರೆ ತಂಡ, ಚೆಷೈರ್ ಸ್ಟುಡಿಯೊದವರು ಮಾಡಿದ್ದು. ಬಣ್ಣ, ಪಟಾಕಿ, ಒಟ್ಟಿಗೇ ನುಗ್ಗುವ ಹಿಂಡು ಕಾರು. ಕೋ-ಡ್ರೈವರ್ ಇಲ್ಲ. ಬದಲಿಗೆ ಡೋನಟ್ ಮೀಡಿಯಾ ಅನ್ನುವ ಯೂಟ್ಯೂಬ್ ಚಾನೆಲ್‌ನ ಜೇಮ್ಸ್ ಪಂಫ್ರೆ, ನೋಲನ್ ಸೈಕ್ಸ್ ಪಾಡ್‌ಕಾಸ್ಟ್ ನಡೆಸುತ್ತಾರೆ. ತಿರುವು ಹೇಳುವವ ಬೇಕಿದ್ದ ಜಾಗದಲ್ಲಿ ಹರಟೆ.

ಹಾಗಂತ ಬೈಯಲು ಹೊರಟರೆ ಬಾಯಿ ಬರುವುದಿಲ್ಲ. ದೀಪಾವಳಿಗೆ ಅಣ್ಣನ ಮಕ್ಕಳು, ಅತ್ತೆಯ ಮಕ್ಕಳು ತೀರ್ಥಹಳ್ಳಿಯ ಮನೆಗೆ ಬಂದಾಗ ಒಂದೇ ಟಿವಿಯಲ್ಲಿ ನಾಲ್ಕು ಜನ ಆಡಿದ್ದು ಇದನ್ನೇ. ಚಿಕ್ಕಮ್ಮ ಹಲಸಿನ ಹಪ್ಪಳ ತಂದಿಟ್ಟರೆ ಯಾರ ಕೈಯೂ ಖಾಲಿಯಿಲ್ಲ. ಕಡೆಗೆ ಬಂದ ಅತ್ತಿಗೆಯೂ "ಇನ್ನೊಂದ್ಸಲ" ಅಂದರು. ಡರ್ಟ್ ರ‍್ಯಾಲಿ ಹಾಕಿದ್ದರೆ ಒಬ್ಬ ಆಡುತ್ತಿದ್ದ, ಉಳಿದವರು ಮೊಬೈಲ್ ಹಿಡಿಯುತ್ತಿದ್ದರು.

ಹಾಗಾಗಿ ನನ್ನ ಸಿಟ್ಟಿರುವುದು ಡರ್ಟ್ 5ರ ಮೇಲಲ್ಲ. 2021ರಲ್ಲಿ ಇಎ ಅನ್ನುವ ದೊಡ್ಡ ಗೇಮ್ ಕಂಪನಿ ಕೋಡ್‌ಮಾಸ್ಟರ್ಸನ್ನು ಕೊಂಡಿತು. 2023ರಲ್ಲಿ 'ಇಎ ಸ್ಪೋರ್ಟ್ಸ್ ಡಬ್ಲ್ಯುಆರ್‌ಸಿ' ಅನ್ನುವ ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್ ಗೇಮ್ ಬಂತು, 30 ಕಿ.ಮೀ. ದಾಟುವ ಸ್ಟೇಜುಗಳ (ಒಂದೊಂದು ಓಟದ ದಾರಿಗಳ) ಸಮೇತ. 2025ರಲ್ಲಿ ರ‍್ಯಾಲಿ ಗೇಮುಗಳ ಕೆಲಸ ಸದ್ಯಕ್ಕೆ ನಿಲ್ಲಿಸಿದ್ದೇವೆ ಅಂದರು. ಜಾತ್ರೆಯೂ ಇರಲಿ, ಕಾಡಿನ ದಾರಿಯೂ ಇರಲಿ ಅಂದುಕೊಂಡಿದ್ದವನು ನಾನು. ಮುಚ್ಚಿದ್ದು ಕಾಡಿನ ದಾರಿ.

ತಗೊಳ್ಳೋದಾ ಬೇಡ್ವಾ ಅಂದರೆ, ಮನೆ ತುಂಬ ಮಕ್ಕಳಿದ್ದರೆ ಧಾರಾಳವಾಗಿ ತಗೊಳ್ಳಿ. ನನಗೆ ಮಾತ್ರ 2019ರ ಡರ್ಟ್ ರ‍್ಯಾಲಿ 2.0 ಇನ್ನೂ ಸಾಕಷ್ಟಿದೆ.